ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸ್‌ಬೇ ನಿಲ್ದಾಣ: ಒಂದು ವಿವೇಚನೆ

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮಿಷನ್ ಬೀದಿಗೂ ಹೊವಾರ್ಡ್ ಬೀದಿಗೂ ನಡುವೆ, ನೆಲದಿಂದ ಸುಮಾರು 70 ಅಡಿ ಎತ್ತರದಲ್ಲಿ, 5.4 ಎಕರೆ ವಿಸ್ತಾರದ ಉದ್ಯಾನವೊಂದಿದೆ. ಬಸ್ ನಿಲ್ದಾಣವೊಂದರ ಮಾಳಿಗೆಯೇ ಅದಕ್ಕೆ ನೆಲ, ಪ್ರವೇಶಕ್ಕೆ ಶುಲ್ಕವಿಲ್ಲ. ಉದ್ಯಾನದ ಚೆಲುವನ್ನು ಹೊಗಳುವವರು ಬಹುಮಂದಿ. ಅದನ್ನು ಹೊತ್ತ ಕಟ್ಟಡವು ಯಾವ ಕಾರ್ಯಕ್ಕಾಗಿ ಸಂಕಲ್ಪಿತವಾಯಿತೆಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಿಕೊಂಡಿದ್ದೇವೆ.

ಕೊಲ್ಲಿಯ ಪೂರ್ವತೀರದಲ್ಲಿರುವ ಓಕ್‌ಲ್ಯಾಂಡ್, ಬರ್ಕ್ಲಿ ಮೊದಲಾದ ಊರುಗಳ ಜನರು ಬಹುಕಾಲ ಫೆರಿ ಹಡಗುಗಳಲ್ಲಿ ನಗರಕ್ಕೆ ಬರುತ್ತಿದ್ದರು. 1936ರ ನವೆಂಬರಿನಲ್ಲಿ ಬೇ ಸೇತುವೆ ತೆರೆಯಿತು. ಅದರ ಕೆಳ ಅಂತಸ್ತಿನ ಒಂದು ಪಕ್ಕದಲ್ಲಿ ಜೋಡಿ ರೈಲುದಾರಿ ಹಾಸಿ, 1939ರ ಜನವರಿಯಲ್ಲಿ ಟ್ರಾನ್ಸ್‌ಬೇ ನಿಲ್ದಾಣವನ್ನು ಬಳಕೆಗೆ ತಂದರು. ಮೂರು ಕಂಪನಿಗಳ ವಿದ್ಯುತ್ ರೈಲುಗಳು ಅಲ್ಲಿಗೆ ಬರುತ್ತಿದ್ದವು. 1941ರಲ್ಲಿಯೇ ಎರಡು ಕಂಪನಿಗಳು ಹಿಂದೆಗೆದವು. ಉಳಿದ ಕೀ ಸಿಸ್ಟಂ ರೈಲುಗಳು, ಪೆಟ್ರೋಲಿಗೆ ಪಡಿತರವಿದ್ದ ಯುದ್ಧಕಾಲದಲ್ಲಿ ಕಿಕ್ಕಿರಿದು ಓಡಿದವು. ಶಾಂತಿಯ ಬೆನ್ನಿಗೆ ಮೋಟಾರು ಮನೆಮನೆಗೆ ಬಂದಿತು. 1958ರ ಏಪ್ರಿಲ್ 20ರಂದು ಕಡೆಯ ರೈಲು ಸೇತುವೆಯನ್ನು ದಾಟಿತು. ಬಳಿಕ ಹಳಿಗಳನ್ನು ಕಿತ್ತರು. ರೈಲಿಗೆಂದು ಕಟ್ಟಿದ ಇಳಿಜಾರುಗಳ ಮೇಲೆ ಬಸ್ಸುಗಳು ಬಂದವು. ಆ ನಿಲ್ದಾಣದ ರೈಲುಬಾಳು ಹತ್ತೊಂಬತ್ತೇ ವರ್ಷ!

1989ರ ಭೂಕಂಪದಲ್ಲಿ ನಗರದ ಎಂಬಾರ್ಕಡೆರೋ ಮೇಲುರಸ್ತೆ ಜಖಂಗೊಂಡಿತು. 1991ರಲ್ಲಿ ಅದನ್ನು ಕೆಡಹತೊಡಗಿದರು. ನಿಲ್ದಾಣದ ಸುತ್ತ ತೆರವಾದ ಸರ್ಕಾರಿ ಭೂಮಿಯನ್ನು ಮಾರಿ ಹೊಸ ನಿಲ್ದಾಣಕ್ಕೆ ಹಣ ಕೂಡಿಸುವ ದಾರಿ ಹೀಗೆ ತೋರಿತು. 1999ರ ನವೆಂಬರಿನಲ್ಲಿ ನಗರದ ಮತದಾರರು ಒಂದು ನಿರ್ಣಯವನ್ನು ಅಂಗೀಕರಿಸಿದರು: ದಕ್ಷಿಣದಿಂದ ಬರುವ ಕ್ಯಾಲ್‌ಟ್ರೈನ್ ಮಾರ್ಗವನ್ನು ಇದೇ ನಿವೇಶನದವರೆಗೆ ತರಬೇಕು. ಅವರು ಬೇಡಿದ್ದು ರೈಲನ್ನು. ಉದ್ಯಾನ ಬಂದದ್ದು 2007ರಲ್ಲಿ, ಸ್ಪರ್ಧೆಯಲ್ಲಿ ಗೆದ್ದ ಸೀಸರ್ ಪೆಲ್ಲಿಯವರ ಸಂಸ್ಥೆಯ ನಕ್ಷೆಯೊಡನೆ. ಈ ಎರಡು ತೇದಿಗಳ ಅಂತರವನ್ನು ನಾವು ಮರೆಯಲಾಗದು.

ಹಳೆಯ ಕಟ್ಟಡವನ್ನು 2010ರಿಂದ ಕೆಡವಲಾಯಿತು. ಕೇಂದ್ರ ಸರ್ಕಾರದ 40 ಕೋಟಿ ಡಾಲರುಗಳ ನೆರವಿನಿಂದ ನೆಲದಡಿಯಲ್ಲಿ ರೈಲಿಗಾಗಿ ವಿಶಾಲವಾದ ಕಾಂಕ್ರೀಟು ಅಂಕಣವೂ ಸಿದ್ಧವಾಯಿತು. 2018ರ ಆಗಸ್ಟಿನಲ್ಲಿ ನಿಲ್ದಾಣ ತೆರೆಯಿತು. ಸೆಪ್ಟೆಂಬರ್ 25ರಂದು ಮುಚ್ಚಿತು. ಫ್ರೀಮಾಂಟ್ ಬೀದಿಯನ್ನು ಕಂಬಗಳ ಆಸರೆಯಿಲ್ಲದೆ ಹಾಯುವ ಉಕ್ಕಿನ ತೊಲೆಗಳಲ್ಲಿ ಬಿರುಕು ಕಂಡಿತ್ತು. ಉದ್ಯಾನದ ಮಣ್ಣಿನ ಭಾರವೇ ಇದಕ್ಕೆ ಕಾರಣವೆಂದು ಊಹಿಸುವುದು ಸುಲಭ. ಪರೀಕ್ಷೆಯ ಫಲ ಬೇರೆ. ಬೆಸುಗೆಯ ಅನುಕೂಲಕ್ಕಾಗಿ ದಪ್ಪ ತಗಡಿನಲ್ಲಿ ಕಾಯಿಸಿ ಕೊರೆದ ರಂಧ್ರಗಳ ಅಂಚಿನಲ್ಲಿ ಸೂಕ್ಷ್ಮವಾದ ಸೀಳುಗಳು ಮೊದಲೇ ಹುಟ್ಟಿದ್ದವು. ಭಾರ ಅವನ್ನು ಹಿಗ್ಗಿಸಿತು, ಅಷ್ಟೆ. ತೊಲೆಗಳನ್ನು ಬಲಪಡಿಸಿದ ಮೇಲೆ, 2019ರ ಜುಲೈಯಲ್ಲಿ ಉದ್ಯಾನವೂ ಆಗಸ್ಟಿನಲ್ಲಿ ಬಸ್ ಸಂಚಾರವೂ ಮತ್ತೆ ಆರಂಭವಾದವು. ಜನರಿಗೆ ಮೊದಲು ದೊರೆತದ್ದು ಈ ಸಲವೂ ಉದ್ಯಾನವೇ.

ಉದ್ಯಾನವನ್ನು ನಿರರ್ಥಕವೆನ್ನುವುದು ನಮ್ಮ ಅಭಿಪ್ರಾಯವಲ್ಲ. ಗಗನಚುಂಬಿಗಳ ನಡುವೆ ಯಾರು ಬೇಕಾದರೂ ಕುಳಿತು ಬುತ್ತಿ ಉಣ್ಣಬಹುದಾದ ಹಸಿರು ಅಲ್ಪವಾದ ಲಾಭವಲ್ಲ. ಅಲ್ಲಿ ಕಲಾವಿದ ನೆಡ್ ಕಾನ್ ರಚಿಸಿದ ಸಾಲು ಕಾರಂಜಿಯೊಂದಿದೆ; ಕೆಳಗೆ ಬಸ್ಸು ಹಾಯ್ದಂತೆಲ್ಲ ಮೇಲೆ ನೀರು ಚಿಮ್ಮುತ್ತದೆ. ರೈಲಿನ ಸುಳಿವು ಕೊಡುವ ಅಂಥ ಕಾರಂಜಿಗೆ ಇನ್ನೂ ಕೆಲಸ ಬಂದಿಲ್ಲ. 2024ರ ಆಗಸ್ಟಿನಲ್ಲಿ ಕ್ಯಾಲ್‌ಟ್ರೈನ್ ಮಾರ್ಗದಲ್ಲಿ ಹೊಸ ವಿದ್ಯುತ್ ರೈಲುಗಳು ಓಡತೊಡಗಿದವು. ಅವು ಬಂದು ನಿಂತದ್ದು ನಾಲ್ಕನೆಯ ಬೀದಿ ಕಿಂಗ್ ಬೀದಿಯನ್ನು ಕೂಡುವಲ್ಲಿ, ಹಳೆಯ ಕೊನೆನಿಲ್ದಾಣದಲ್ಲಿಯೇ.