ಬಾಲಕೃಷ್ಣ ವರಹವೂ ಅಚ್ಚಿನ ಪರೀಕ್ಷೆಯೂ

ಕೃಷ್ಣದೇವರಾಯನು ಕ್ರಿ.ಶ. 1514ರಲ್ಲಿ ಉದಯಗಿರಿ ದುರ್ಗವನ್ನು ಸಾಧಿಸಿ, ಅಲ್ಲಿಂದ ತಂದ ಬಾಲಕೃಷ್ಣ ವಿಗ್ರಹವನ್ನು 1515ರಲ್ಲಿ ಹಂಪೆಯ ಕೃಷ್ಣಾಲಯದಲ್ಲಿ ಪ್ರತಿಷ್ಠಿಸಿದನೆಂದು ಅಲ್ಲಿಯ ಶಾಸನದಿಂದ ವಿದಿತವಾಗುತ್ತದೆ. ಆ ವಿಗ್ರಹವು ಈಗ ಭಗ್ನವಾಗಿ ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ. ಅದೇ ವಿಜಯದ ಮತ್ತೊಂದು ಸ್ಮಾರಕವು ಉಗುರಿನಷ್ಟು ಅಗಲದ ಚಿನ್ನದ ವರಹ. ತೂಕ ಸುಮಾರು 3.4 ಗ್ರಾಂ, ಒಂದು ಮುಖದಲ್ಲಿ ಆಸೀನಮೂರ್ತಿ, ಮತ್ತೊಂದರಲ್ಲಿ ನಾಗರಾಕ್ಷರಗಳ ಮೂರು ಸಾಲುಗಳಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ಅಂಕಿತ. ಆ ಮೂರ್ತಿಯನ್ನು ಶಂಖಚಕ್ರಧಾರಿಯಾದ ವಿಷ್ಣುವೆಂದ ಪಂಡಿತರೂ ಉಂಟು. ಬಾಲಕೃಷ್ಣನೆಂಬುದೇ ನಮಗೆ ಸಮಂಜಸವಾಗಿ ತೋರುತ್ತದೆ.

ರಾಜಧಾನಿಯ ಟಂಕಸಾಲೆಯನ್ನು 1443ರಲ್ಲಿ ಬಂದ ಪಾರಸಿಕ ದೂತ ಅಬ್ದುಲ್ ರಜಾಕನು ಕಂಡು ವರ್ಣಿಸಿದ್ದಾನೆ. ವರಹ, ಅದರರ್ಧವಾದ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲಾದ ಹಣ, ಇವು ಚಿನ್ನದವು. ತಾರವು ಬೆಳ್ಳಿಯದು, ಜಿತಲವು ತಾಮ್ರದ್ದು.

ಕೈಯಿಂದ ನಾಣ್ಯ ಮುದ್ರಿಸುವಲ್ಲಿ ಕಷ್ಟವೆಲ್ಲ ಅಚ್ಚಿನದೇ. ತೂಗಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ಅಕ್ಷರಗಳನ್ನು ಅಚ್ಚಿನಲ್ಲಿ ತಿರುವುಮುರುವಾಗಿ ಕೊರೆಯಬೇಕಾದುದರಿಂದ ಕೊರೆದವನ ತಪ್ಪು ಒತ್ತಿದ ಮೇಲಲ್ಲದೆ ಕಣ್ಣಿಗೆ ಬೀಳದು. ಚಿನ್ನವನ್ನು ಹಾಳುಮಾಡುವ ಬದಲು ಮೊದಲು ಸೀಸದ ಮೇಲೆ ಒತ್ತಿನೋಡುವುದು ಲೋಕದ ಅನೇಕ ಟಂಕಸಾಲೆಗಳ ಪದ್ಧತಿ. ಇಂಗ್ಲೆಂಡಿನ ಯಾರ್ಕ್ ನಗರದ ಕಾಪರ್‌ಗೇಟಿನಲ್ಲಿ 1976ರಿಂದ 1981ರವರೆಗೆ ನಡೆದ ಉತ್ಖನನದಲ್ಲಿ ಹತ್ತನೆಯ ಶತಮಾನದ ಕಬ್ಬಿಣದ ಅಚ್ಚುಗಳೊಡನೆ ಇಂಥ ಸೀಸದ ತುಂಡುಗಳೂ ದೊರೆತುವು. ಇದು ಪರೀಕ್ಷಾಮುದ್ರೆ. ಮಾದರಿನಾಣ್ಯವೆಂಬುದು ಬೇರೆ: ಹೊಸ ರೂಪವೊಂದನ್ನು ಪ್ರಭುತ್ವದ ಒಪ್ಪಿಗೆಗಾಗಿ ಮುಂದಿಡುವಂಥದು, ಒಪ್ಪಿಗೆಯಾಗದೆ ಹೋದರೆ ಅದು ಚಲಾವಣೆಗೆ ಬಾರದು. ಬಸವೇಶ್ವರರ ಸ್ಮರಣಾರ್ಥ ಭಾರತ ಸರ್ಕಾರವು 2006ರಲ್ಲಿ 5 ಮತ್ತು 100 ರೂಪಾಯಿಗಳ ನಾಣ್ಯಗಳನ್ನು ಹೊರಡಿಸಿತಷ್ಟೆ. ಮಠದ ಮನೆಗಳಲ್ಲಿ ಅವನ್ನು ಪೂಜೆಯಲ್ಲಿಟ್ಟವರು ನೋಡುವುದು ಪೂರ್ಣಗೊಂಡ ರೂಪವನ್ನು ಮಾತ್ರ.

ಈ ಭೇದವನ್ನರಿಯದಿರುವುದರಿಂದ ಎರಡು ಬಗೆಯ ನಷ್ಟವುಂಟು. ರಾಯರ ವರಹಗಳಲ್ಲಿ ಬಿಲ್ಲೆಯು ಅಚ್ಚಿಗಿಂತ ಕಿರಿದಾದುದರಿಂದ ಅಂಚಿನ ಅಕ್ಷರಗಳು ತಪ್ಪಿಹೋಗಿರುವುದು ಸಾಮಾನ್ಯ. ಅಂಥದನ್ನು ‘ಪರೀಕ್ಷೆಯ ನಾಣ್ಯ, ಅಪೂರ್ವ’ ಎಂದು ಹೇಳಿ ಮೂರುಪಟ್ಟು ಬೆಲೆಗೆ ಮಾರುವವರನ್ನು ಭಕ್ತರು ನಂಬಬಾರದು. ಎರಡನೆಯ ನಷ್ಟವೇ ದೊಡ್ಡದು. ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಗಳಲ್ಲಿ ಹೊಲ ಉಳುವಾಗ ಚಿನ್ನ ಸಿಕ್ಕಿದರೆ ಕಾಪಾಡುವರು. ಮುದ್ರೆಯುಳ್ಳ ಸೀಸದ ಚೂರು ಸಿಕ್ಕಿದರೆ ಬೆಲೆಯಿಲ್ಲವೆಂದು ಎಸೆಯುವರು, ಇಲ್ಲವೆ ಅಕ್ಕಸಾಲಿಗನ ಮೂಸೆಗೆ ಹಾಕುವರು. ವರಹವು ಅನೇಕರಲ್ಲಿದೆ, ಅದನ್ನು ಕೊರೆದವನ ಕೈಯ ಗುರುತು ಇರಬಹುದಾದುದು ಆ ಚೂರಿನಲ್ಲಿಯೇ. ಆದುದರಿಂದ ಅಂಥದು ದೊರೆತಲ್ಲಿ ಹುಣಿಸೆಯಿಂದ ತಿಕ್ಕಬಾರದು, ಹುಳಿಯು ಸೀಸವನ್ನು ತಿನ್ನುತ್ತದೆ. ದೊರೆತ ಹೊಲ, ಆಳ, ದಿನಗಳನ್ನು ಬರೆದಿಟ್ಟು, ಕಾಯಿದೆಯ ವಿಧಿಯಂತೆ ಅಧಿಕಾರಿಗಳಿಗೆ ತಿಳಿಸಿ, ಹಂಪೆಯ ಬಳಿಯ ಕಮಲಾಪುರದ ವಸ್ತುಸಂಗ್ರಹಾಲಯದವರಿಗೂ ತೋರಿಸತಕ್ಕದ್ದು.