ಓರ್ಕ್ ಆಗೋಕೆ ಎಷ್ಟು ಖರ್ಚಾಗುತ್ತೆ?

ಭಾಗ 1/6
ಹೋದ ತಿಂಗಳು ನಮ್ಮ ರೂಮಲ್ಲಿ ಐದು ಜನ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಶುರು ಮಾಡಿದ್ವಿ. ಗೊತ್ತಿಲ್ಲದವರಿಗೆ ಚಿಕ್ಕದಾಗಿ: ಒಬ್ಬರು ಕಥೆ ನಡೆಸ್ತಾರೆ, ಅವರೇ ಡಿಎಂ. ಉಳಿದವರು ಒಂದೊಂದು ಪಾತ್ರ ಆಗ್ತಾರೆ. ಹೊಡೆದ ಏಟು ಬಿತ್ತಾ ಇಲ್ವಾ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ.

ಪಾತ್ರದ ಹಾಳೆಯಲ್ಲಿ ‘ರೇಸ್’ ಅಂತ ಒಂದು ಖಾನೆ ಇತ್ತು. ನಮ್ಮ ಡಿಎಂ ಅದನ್ನ ಸಲೀಸಾಗಿ ಕನ್ನಡಕ್ಕೆ ತಿರುಗಿಸಿದ. “ಮೊದಲು ಜಾತಿ ಆರಿಸ್ಕೊಳ್ರೋ. ಓರ್ಕ್ ತಗೊಂಡ್ರೆ ಬುದ್ಧಿ ಎರಡು ಕಮ್ಮಿ.”

ಎಲ್ಲರೂ ನಕ್ವಿ. ಒಬ್ಬ ಮಾತ್ರ ನಗಲಿಲ್ಲ. ಅವನು ಓರ್ಕನ್ನೇ ತಗೊಂಡ.

ಆ ‘ಎರಡು ಕಮ್ಮಿ’ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಈ ವಾರದ ಇತಿಹಾಸ ಅದೇ.

ಭಾಗ 2/6
1974, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಪುಟ್ಟ ಊರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಈ ಆಟ ಮೂರು ಸಣ್ಣ ಪುಸ್ತಕಗಳ ಡಬ್ಬಿಯಾಗಿ ಬಂತು. ಮೊದಲ ಮುದ್ರಣ ಬರೀ 1000 ಪ್ರತಿ. ನೀವು ಮನುಷ್ಯ ಆಗಬಹುದು, ಇಲ್ಲಾ ಡ್ವಾರ್ಫ್, ಎಲ್ಫ್, ಹಾಬಿಟ್. ಆದರೆ ಮನುಷ್ಯನಿಗೆ ಮಾತ್ರ ಬೆಳೆಯೋಕೆ ಮಿತಿ ಇರಲಿಲ್ಲ. ಡ್ವಾರ್ಫ್ 6ನೇ ಹಂತಕ್ಕೆ ನಿಲ್ಲಬೇಕು, ಹಾಬಿಟ್ 4ಕ್ಕೇ.

ಮಜಾ ಏನಂದ್ರೆ, ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ: ಬೇಕಿದ್ದರೆ ಏನಾದರೂ ಆಗಿ ಆಡಿ, ಡ್ರ್ಯಾಗನ್ ಕೂಡ ಆಗಬಹುದು, ಆದರೆ ಮರಿಯಾಗಿ, ದುರ್ಬಲವಾಗಿ ಶುರು ಮಾಡಿ. ಅಂದ್ರೆ ಬಾಗಿಲು ಮೊದಲಿಂದಲೂ ತೆರೆದೇ ಇತ್ತು. ಪ್ರವೇಶ ಶುಲ್ಕ ಇತ್ತು, ಅಷ್ಟೇ.

ಪುಸ್ತಕಕ್ಕಿಂತ ಮೊದಲೇ, ಆರ್ನೆಸನ್ ಅವರ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಪಾಸು ವ್ಯಾಂಪೈರ್ ಆಗಿಬಿಟ್ಟಿತ್ತು. ಹೆಸರು ಸರ್ ಫ್ಯಾಂಗ್. ಅವನನ್ನ ತಡೆಯೋಕೇ ಪಾದ್ರಿ, ಅಂದ್ರೆ ಕ್ಲೆರಿಕ್ ಪಾತ್ರ ಹುಟ್ಟಿದ್ದು ಅಂತ ಆ ಕಾಲದ ಆಟಗಾರರು ಹೇಳ್ತಾರೆ.

ಭಾಗ 3/6
1976ರಲ್ಲಿ ಕೆನ್ ಸೇಂಟ್ ಆಂಡ್ರೆ ‘ಮಾನ್‌ಸ್ಟರ್ಸ್! ಮಾನ್‌ಸ್ಟರ್ಸ್!’ ಅನ್ನೋ ಆಟ ತಂದು ಇಡೀ ಲೆಕ್ಕ ತಿರುವುಮುರುವು ಮಾಡಿದರು. ಅಲ್ಲಿ ನೀವೇ ರಾಕ್ಷಸರು, ದಾಳಿ ಮಾಡೋದು ಮನುಷ್ಯರ ಮೇಲೆ. 1978ರ ರೂನ್‌ಕ್ವೆಸ್ಟ್‌ನಲ್ಲಿ ಟ್ರೋಲ್‌ಗಳು ಬಂದವು. 1982ರಲ್ಲಿ ಆ ಟ್ರೋಲ್‌ಗಳ ದೇವರು, ಊಟ, ಸಂಸಾರದ ಬಗ್ಗೆಯೇ ಒಂದು ಪೂರ್ತಿ ಡಬ್ಬಿ ಬಂತು. ಕೊಲ್ಲೋಕೆ ಅಂತ ಇದ್ದವರಿಗೆ ಮನೆ ಮಠ ಸಿಕ್ಕಿತು.

ಗೈಗ್ಯಾಕ್ಸ್ ಮಾತ್ರ ಒಪ್ಪಲಿಲ್ಲ. 1979ರ ಡಿಎಂ ಗೈಡ್‌ನಲ್ಲಿ ಅವರ ವಾದ ಹೀಗಿತ್ತು: ರಾಕ್ಷಸ ಆಗಬೇಕು ಅನ್ನೋರು ಹೆಚ್ಚಾಗಿ ಶಕ್ತಿಯ ಆಸೆಗೆ ಕೇಳೋದು, ಆಟದ ಲೋಕ ಮನುಷ್ಯರ ಸುತ್ತಲೇ ಇರಬೇಕು. ಪೂರ್ತಿ ತಪ್ಪು ಅಂತ ನಾನು ಹೇಳಲ್ಲ. ಟೇಬಲ್ಲಲ್ಲಿ ಒಬ್ಬ ಡ್ರ್ಯಾಗನ್ ಆದ್ರೆ ಉಳಿದ ನಾಲ್ಕು ಜನಕ್ಕೆ ಕೆಲಸ ಇರಲ್ಲ. ಆದರೆ ಎಲ್ಲರೂ ಶಕ್ತಿಗೋಸ್ಕರ ಕೇಳ್ತಾ ಇರಲಿಲ್ಲ.

ಭಾಗ 4/6
ಈಗ ನನ್ನ ಬಿಕಾಂ ಬುದ್ಧಿಗೆ ಇಷ್ಟವಾದ ಭಾಗ. ರೇಟ್ ಕಾರ್ಡ್ ನೋಡಿ.

1978: ಅರ್ಧ ಓರ್ಕ್ ಸಿಕ್ಕಿತು. ಬಲ ಒಂದು ಜಾಸ್ತಿ, ಮೈಕಟ್ಟು ಒಂದು ಜಾಸ್ತಿ, ವರ್ಚಸ್ಸು ಎರಡು ಕಮ್ಮಿ. ಮಿತಿ ಇಲ್ಲದೆ ಬೆಳೆಯೋಕೆ ಅವನಿಗೆ ಒಂದೇ ಕಸುಬು: ಸುಪಾರಿ ಕೊಲೆಗಾರ.
1989: ಎರಡನೇ ಆವೃತ್ತಿಯ ಮುಖ್ಯ ಪುಸ್ತಕದಿಂದ ಅರ್ಧ ಓರ್ಕೇ ಔಟ್.
1993: ರಾಕ್ಷಸ ಕುಲಗಳಿಗೆ ಅಂತಲೇ ಪ್ರತ್ಯೇಕ ಪುಸ್ತಕ.
2000: ಅರ್ಧ ಓರ್ಕ್ ವಾಪಸ್. ಬಲ ಎರಡು ಜಾಸ್ತಿ. ಬುದ್ಧಿ ಎರಡು, ವರ್ಚಸ್ಸು ಎರಡು ಕಮ್ಮಿ. ಒಂದಕ್ಕೆ ಎರಡು ಕಡೆ ಡೆಬಿಟ್!
2003: ‘ಲೆವೆಲ್ ಅಡ್ಜಸ್ಟ್‌ಮೆಂಟ್’ ಜೋರಾಗಿದ್ದ ಕಾಲ. ಡ್ರೌ ಆಗ್ಬೇಕಾ? ಎರಡು ಹಂತ ತೆರಿಗೆ ಕಟ್ಟಿ. ಗೆಳೆಯರು 5ರಲ್ಲಿ ಇದ್ರೆ ನೀವು 3ರಲ್ಲಿ.
2008: ಡ್ರ್ಯಾಗನ್‌ಬಾರ್ನ್, ಟೀಫ್ಲಿಂಗ್ ಮೊದಲ ಪುಸ್ತಕದಲ್ಲೇ, ತೆರಿಗೆ ಇಲ್ಲದೆ.

ಡ್ರೌ ಅಂದ್ರೆ ಕಪ್ಪು ಚರ್ಮದ ಎಲ್ಫ್‌ಗಳು, ಪುಸ್ತಕದ ಪ್ರಕಾರ ಹುಟ್ಟಾ ಕೆಟ್ಟವರು. 1988ರಲ್ಲಿ ಆರ್. ಎ. ಸಾಲ್ವಟೋರ್ ಕಾದಂಬರಿಯಲ್ಲಿ ಡ್ರಿಜ್ಟ್ ಅನ್ನೋ ಒಳ್ಳೆ ಡ್ರೌ ಬಂದ. ಆಮೇಲೆ ಎಷ್ಟು ಜನ ಡ್ರೌ ಆಗೋಕೆ ಹೊರಟರು ಅಂದ್ರೆ, ಅದೇ ಒಂದು ಜೋಕ್ ಆಯ್ತು.

ಭಾಗ 5/6
2016ರಲ್ಲಿ ‘ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್’ ಗಾಬ್ಲಿನ್, ಕೋಬೋಲ್ಡ್, ಪೂರ್ತಿ ಓರ್ಕ್ ಎಲ್ಲರನ್ನೂ ಆಟಗಾರರಿಗೆ ಕೊಟ್ಟಿತು. ಆದರೆ ಓರ್ಕ್‌ಗೆ ಮಾತ್ರ ಬುದ್ಧಿ ಎರಡು ಕಮ್ಮಿ, ಕೋಬೋಲ್ಡ್‌ಗೆ ಬಲ ಎರಡು ಕಮ್ಮಿ. ನಮ್ಮ ಡಿಎಂ ಕೈಯಲ್ಲಿದ್ದದ್ದು ಅದರ ಹಳೇ ಮುದ್ರಣ.

2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಅಮೆರಿಕ ಬೀದಿಗಿಳಿದಿದ್ದಾಗ, ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಒಂದು ಹೇಳಿಕೆ ಕೊಟ್ಟರು. ಓರ್ಕ್, ಡ್ರೌ ಬಗ್ಗೆ ತಾವು ಬರೆದ ಕೆಲವು ಮಾತುಗಳು ನಿಜವಾದ ಜನಾಂಗಗಳನ್ನ ಹೀಯಾಳಿಸುವ ಮಾತುಗಳ ಹಾಗೇ ಇವೆ ಅಂತ ಒಪ್ಪಿಕೊಂಡರು. ಆ ವರ್ಷದ ತಿದ್ದುಪಡಿಯಲ್ಲಿ ಎರಡೂ ಮೈನಸ್ ಹೋದವು. 2022ರ ಡಿಸೆಂಬರ್‌ನಲ್ಲಿ ‘ರೇಸ್’ ಪದವನ್ನೇ ಕೈಬಿಟ್ಟು ‘ಸ್ಪೀಷೀಸ್’ ಅಂತೀವಿ ಅಂದರು. 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಹತ್ತು ಪ್ರಭೇದಗಳಲ್ಲಿ ಓರ್ಕ್ ಕೂಡ ಒಂದು. ಅರ್ಧ ಓರ್ಕ್ ಇಲ್ಲ.

ಇದಕ್ಕೂ ಬೇಸರ ಮಾಡಿಕೊಂಡವರಿದ್ದಾರೆ. ವ್ಯತ್ಯಾಸವೇ ಇಲ್ಲದಿದ್ರೆ ಓರ್ಕ್ ಅಂದ್ರೆ ಹಸಿರು ಬಣ್ಣ ಬಳಿದ ಮನುಷ್ಯ ಅಷ್ಟೇ ಅಲ್ವಾ ಅಂತ. ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ: ವ್ಯತ್ಯಾಸ ಇರಲಿ. ಕತ್ತಲಲ್ಲಿ ಕಣ್ಣು ಕಾಣಲಿ, ಬಿದ್ದರೂ ಒಮ್ಮೆ ಏಳೋ ಶಕ್ತಿ ಇರಲಿ. ಆದರೆ ಹುಟ್ಟಿದ್ದಕ್ಕೇ ದಡ್ಡ ಅನ್ನೋದು ವ್ಯತ್ಯಾಸ ಅಲ್ಲ, ಅದು ತೀರ್ಪು.

ಭಾಗ 6/6
ಇಂಗ್ಲಿಷಲ್ಲಿ ‘ರೇಸ್, ಓರ್ಕ್, ಬುದ್ಧಿ ಮೈನಸ್ ಎರಡು’ ಅಂದ್ರೆ ಅದು ಆಟದ ಲೆಕ್ಕ ಅನ್ಸುತ್ತೆ. ಕನ್ನಡದಲ್ಲಿ ‘ಜಾತಿ’ ಅಂದ ಕೂಡಲೇ ಅದು ಎಲ್ಲೋ ಕೇಳಿದ ಮಾತು ಆಗುತ್ತೆ. ನಗದೇ ಕೂತವನಿಗೆ ಅದು ಮೊದಲೇ ಕೇಳಿಸಿತ್ತು. ನನಗೆ ಕೇಳಿಸೋಕೆ ಇಷ್ಟು ಓದಬೇಕಾಯ್ತು.

ಇದನ್ನೆಲ್ಲ ಡಿಎಂಗೆ ಹೇಳಿದೆ. ಅವನು ಏನೂ ಮಾತಾಡಲಿಲ್ಲ. ಮುಂದಿನ ಭಾನುವಾರ ರಬ್ಬರ್ ತಂದು ಆ ಮೈನಸ್ ಅಳಿಸಿದ. ಓರ್ಕ್ ಆದ ಗೆಳೆಯ ಹಾಳೆ ನೋಡಿ ಕೇಳಿದ್ದು ಇಷ್ಟೇ: “1974ರಿಂದ 2020. 46 ವರ್ಷ ಆಯ್ತಾ ಇದಕ್ಕೆ?”

ಆಮೇಲೆ ದಾಳ ಎಸೆದ. ನಾಲ್ಕು ಬಿತ್ತು. ಬಲೆಗೆ ಸಿಕ್ಕಿಹಾಕೊಂಡ. ದಾಳಕ್ಕೆ ಯಾರೂ ಒಂದೇ ಬಿಡಿ.

ನೀವು ಆಡೋದಾದ್ರೆ ಯಾರಾಗ್ತೀರಿ, ಯಾಕೆ? ಕಾಮೆಂಟಲ್ಲಿ ಬರೀರಿ. ‘ಮನುಷ್ಯ’ ಅಂದ್ರೂ ಪರವಾಗಿಲ್ಲ, ಕಾರಣ ಮಾತ್ರ ಬೇಕು.

#ಆಟದಇತಿಹಾಸ #ಡಂಜನ್ಸ್‌ಅಂಡ್‌ಡ್ರ್ಯಾಗನ್ಸ್ #ಕನ್ನಡದಲ್ಲಿಓದಿ