ಗುಂಪು ಒಡೆಯುವ ಕೋಲು

ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಊರು. ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕನ ಮೇಲೆ ಹೋದ ಕ್ಯಾಪ್ಟನ್ ವಿಂಡಮ್‌ನ ತುಕಡಿ ಹೊರಟದ್ದೂ ಇಲ್ಲಿಂದಲೇ. 1905ರವರೆಗೆ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. ಆಮೇಲೆ ರಾಯಚೂರಿನ ತಾಲ್ಲೂಕಾಯಿತು.

ದಂಡಿನ ಹಾಗೆ ಚಿನ್ನವೂ ಈ ಸೀಮೆಗೆ ಹೊರಗಿನವರನ್ನು ಕರೆತಂದಿತು. ಪಕ್ಕದ ಹಟ್ಟಿಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಗಣಿ ನಡೆಸಿದ್ದು ಕೋಲಾರದ ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನ ಕಂಡವನು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್.

ಬ್ರಿಟಿಷರ ದಂಡು, ಗಣಿ, ಕ್ಲಬ್ಬುಗಳ ಜೊತೆಜೊತೆಗೇ ನಮ್ಮ ದೇಶದಲ್ಲಿ ಬಿಲಿಯರ್ಡ್ಸ್ ಹರಡಿತು. ಸ್ನೂಕರ್ ಹುಟ್ಟಿದ್ದಂತೂ ಇಂಥ ಒಂದು ದಂಡಿನ ಮೆಸ್ಸಿನಲ್ಲೇ: 1875ರಲ್ಲಿ ಜಬಲ್‌ಪುರದಲ್ಲಿ, ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿಯ ಕೈಯಲ್ಲಿ. ಅದರ ನಿಯಮಗಳು 1882ರಲ್ಲಿ ನಮ್ಮ ರಾಜ್ಯದ ಗಡಿಯಾಚೆಯ ಊಟಿಯ ಕ್ಲಬ್ಬಿನ ಗೋಡೆಗೆ ಏರಿದವು.

ಈ ಎರಡೂ ಆಟಗಳಲ್ಲಿ ಮೊದಲ ಹೊಡೆತಕ್ಕೆಂದು ಬೇರೆ ಕೋಲು ಬೇಕಾಗಿರಲಿಲ್ಲ. ಬಿಲಿಯರ್ಡ್ಸ್‌ನಲ್ಲಿ ಇರುವುದೇ ಮೂರು ಚೆಂಡು, ಒಡೆಯಲು ಗುಂಪೇ ಇಲ್ಲ. ಸ್ನೂಕರ್‌ನಲ್ಲಿ ಹದಿನೈದು ಕೆಂಪು ಚೆಂಡುಗಳ ತ್ರಿಕೋನವಿದ್ದರೂ ಜಾಣ ಆಟಗಾರ ಅದನ್ನು ಚೆದುರಿಸುವುದಿಲ್ಲ. ಅಂಚಿನ ಕೆಂಪನ್ನು ತೆಳುವಾಗಿ ಸವರಿ, ಬಿಳಿ ಚೆಂಡನ್ನು ಹೊರಟಲ್ಲಿಗೇ ವಾಪಸು ತಂದು ನಿಲ್ಲಿಸುತ್ತಾನೆ. ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಬಳಿ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಕಿರೀಟ ಗೆದ್ದದ್ದು ಈ ಸಂಯಮದ ಪರಂಪರೆಯಿಂದ ಬಂದೇ. ಕರ್ನಾಟಕದ ಕ್ಯೂ (ಕೋಲಿನ) ಕ್ರೀಡೆಗೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಅಮೆರಿಕದ ಪೂಲ್ ಬಂದಾಗ ಲೆಕ್ಕ ತಿರುಗಿತು. ಏಟ್ ಬಾಲ್ ಇರಲಿ, ನೈನ್ ಬಾಲ್ ಇರಲಿ, ಮೊದಲ ಹೊಡೆತಕ್ಕೇ ಗುಂಪು ಚೆಲ್ಲಾಪಿಲ್ಲಿಯಾಗಬೇಕು, ಸಾಧ್ಯವಾದರೆ ಒಂದು ಚೆಂಡಾದರೂ ಗುಂಡಿಗೆ ಬೀಳಬೇಕು. ಚೆಂಡುಗಳೂ ದಪ್ಪ: ಸ್ನೂಕರ್ ಚೆಂಡು 52.5 ಮಿಲಿಮೀಟರ್ ಇದ್ದರೆ ಪೂಲ್‌ನದು ಸುಮಾರು 57. ಇಂಥ ಏಟನ್ನು ದಿನವೂ ತಿಂದರೆ ಕ್ಯೂ ತುದಿಯ ಚರ್ಮ ಚಪ್ಪಟೆಯಾಗಿ ಅಂಚಿನಾಚೆ ಹರಡುತ್ತದೆ. ನಾಜೂಕಾಗಿ ಸ್ಪಿನ್ ಕೊಡಲು ಆಮೇಲೆ ಅದು ಒದಗುವುದಿಲ್ಲ. ಹಾಗಾಗಿ ಒಡೆಯುವುದಕ್ಕೊಂದು, ಆಡುವುದಕ್ಕೊಂದು ಎಂದು ಕೋಲುಗಳು ಬೇರೆಯಾದವು. ಒಡೆಯುವ ಕೋಲಿಗೆ ಗಟ್ಟಿ ಚರ್ಮದ ಅಥವಾ ಫಿನಾಲಿಕ್ ರಾಳದ ತುದಿ ಬಂತು.

ಈ ಸೀಮೆಯ ಹುಡುಗರಿಗೆ ಗುಂಪು ಒಡೆಯುವ ಆಟ ಹೊಸದಲ್ಲ. ಕೇರಂ ಶುರುವಾಗುವುದೇ ಹಾಗೆ. ನಡುವೆ ಜೋಡಿಸಿದ ಹತ್ತೊಂಬತ್ತು ಕಾಯಿಗಳನ್ನು ಸ್ಟ್ರೈಕರ್ ಚೆದುರಿಸುತ್ತದೆ. ಅಲ್ಲಿ ಒಡೆಯಲೂ ಆಡಲೂ ಒಂದೇ ಸ್ಟ್ರೈಕರ್, ಅದರ ತೂಕಕ್ಕೆ 15 ಗ್ರಾಂ ಮಿತಿ. ಆದರೂ ಪಳಗಿದವರು ತಮ್ಮದೇ ಸ್ಟ್ರೈಕರನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಭಾರವಾದದ್ದು ಕಾಯಿಗಳನ್ನು ಜೋರಾಗಿ ತಳ್ಳುತ್ತದೆ ನಿಜ, ಆದರೆ ಬೆರಳಿಗೆ ಒಗ್ಗದಿದ್ದರೆ ಗುರಿಯೇ ಕೆಡುತ್ತದೆ ಎಂದು ಅವರಿಗೆ ಗೊತ್ತು. ಪೂಲ್ ಮೇಜಿನ ಮುಂದೆಯೂ ಈ ತಿಳಿವಳಿಕೆಯೇ ಕೆಲಸಕ್ಕೆ ಬರುತ್ತದೆ.

ಅಂತಾರಾಷ್ಟ್ರೀಯ ನಿಯಮದಲ್ಲಿ ಕ್ಯೂ 25 ಔನ್ಸ್, ಅಂದರೆ ಸುಮಾರು 700 ಗ್ರಾಂವರೆಗೂ ತೂಗಬಹುದು. ಅಷ್ಟು ಭಾರ ಹುಡುಕುವ ಅಗತ್ಯವಿಲ್ಲ. ಒಡೆಯುವ ಕೋಲುಗಳು, ಅಂದರೆ ಬ್ರೇಕ್ ಕ್ಯೂಗಳು, ಸಾಮಾನ್ಯವಾಗಿ 18ರಿಂದ 21 ಔನ್ಸ್ ಇರುತ್ತವೆ. ಗುಂಪನ್ನು ಚೆದುರಿಸುವುದರಲ್ಲಿ ಕೋಲಿನ ಭಾರಕ್ಕಿಂತ ಅದರ ವೇಗದ ಪಾಲು ದೊಡ್ಡದು. ಭಾರದ ಕೋಲನ್ನು ನಿಧಾನವಾಗಿ ಬೀಸಿ ಏನೂ ಸಿಗದು.

ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಆಟ ಕಲಿಯುವವರು ಬ್ರೇಕ್ ಕ್ಯೂಗೆಂದು ಆತುರದಲ್ಲಿ ದುಡ್ಡು ಸುರಿಯಬೇಡಿ. ಆಡುವ ಜಾಗದಲ್ಲಿ ಗೋಡೆಗೆ ನಿಲ್ಲಿಸಿರುವ ಕೋಲುಗಳಲ್ಲಿ ಒಂದನ್ನು ಮೇಜಿನ ಮೇಲೆ ಉರುಳಿಸಿ ನೋಡಿ. ಕುಣಿಯದೆ ಉರುಳಿದರೆ ಅದು ನೇರವಾಗಿದೆ. ತುದಿ ಗಟ್ಟಿಯಾಗಿರಲಿ, ತೂಕ ನಿಮ್ಮ ಆಡುವ ಕೋಲಿಗೆ ಹತ್ತಿರವಿರಲಿ. ಗುಂಪಿನ ಮುಂತುದಿಯ ಚೆಂಡಿನ ನಡುಮಧ್ಯಕ್ಕೆ ಹೊಡೆಯಿರಿ. ಬಿಳಿ ಚೆಂಡು ಅತ್ತಿತ್ತ ಓಡಿಹೋಗದೆ ಮೇಜಿನ ನಡುಭಾಗದಲ್ಲೇ ಪದೇ ಪದೇ ನಿಲ್ಲುವಂತೆ ಯಾವ ಕೋಲಿನಿಂದ ಹೊಡೆಯಬಲ್ಲಿರೋ, ಅದನ್ನೇ ಇಟ್ಟುಕೊಳ್ಳಿ.